ಒಂದಡಿ ನೆಲ

ಮನೆ ಕಟ್ಟಿದವರಿಗೆ ಎದುರಾಗುವ ಕೊನೆಯ ಪರೀಕ್ಷೆ ಯಾವುದೆಂದು ಬಲ್ಲಿರಾ? ಅದು ಮುಂಭಾಗದ ಕಾಂಪೌಂಡ್ ಗೋಡೆ.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಮ್ಮ ಮನೆಯ ಕೆಲಸ ಮುಗಿಯುತ್ತ ಬಂದಾಗ ಮೇಸ್ತ್ರಿ ಮುಂದುಗಡೆ ದಾರ ಕಟ್ಟಿದ. ಅದು ನಿವೇಶನದ ಮೂಲೆಗಲ್ಲನ್ನು ದಾಟಿ ಒಂದಡಿ ರಸ್ತೆಯ ಕಡೆಗಿತ್ತು. ಕೇಳಿದರೆ, "ಎಲ್ಲರೂ ಹೀಗೇ ಕಟ್ಟೋದು ಸಾರ್, ನೀವೊಬ್ರೇ ಬಿಟ್ರೆ ಏನು ಬಂತು?" ಎಂದ. ಸಾಲುಮನೆಗಳನ್ನು ನೋಡಿದೆ, ಅವನ ಮಾತು ಸುಳ್ಳಾಗಿರಲಿಲ್ಲ. ಮೂವತ್ತಡಿ ಅಗಲದ ನಿವೇಶನಕ್ಕೆ ಮೂವತ್ತು ಚದರಡಿ ಪುಕ್ಕಟೆ ಲಾಭ. ಮಲ್ಲಿಗೆ ಬಳ್ಳಿಗೊಂದು ಪಾತಿಯಾದೀತು. ನನ್ನ ಮನಸ್ಸೂ ಅತ್ತ ವಾಲಿತೆಂದು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ.

ಅಂದು ರಾತ್ರಿ ಪಾಲಿಕೆಯ ಅನುಮತಿಗೆಂದು ಸಲ್ಲಿಸಿದ್ದ ನಕ್ಷೆಯನ್ನು ಬಿಡಿಸಿದೆ. ಕಾಂಪೌಂಡಿನ ಗೆರೆ ಗಡಿಯೊಳಗೇ ಇತ್ತು. ಕೆಳಗೆ ನನ್ನದೇ ಸಹಿ. ಬೀದಿಯ ಮೇಲೆ ಗೋಡೆಯನ್ನಾಗಲಿ ಬೇಲಿಯನ್ನಾಗಲಿ ಕಟ್ಟಕೂಡದೆಂದು 1976ರ ಕರ್ನಾಟಕ ಪೌರನಿಗಮಗಳ ಕಾಯಿದೆ ಹೇಳುತ್ತದೆ. ಎತ್ತರದ ಬಗೆಗೂ ವಿವೇಕದ ಮಾತುಗಳಿವೆ. ಮುಂಭಾಗದ ಗೋಡೆ ರಸ್ತೆಯ ಮಧ್ಯಮಟ್ಟದಿಂದ ಒಂದೂವರೆ ಮೀಟರ್ ಮೀರದಿರಲಿ ಎಂಬುದು ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಸಲಹೆ. 2.4 ಮೀಟರಿಗೆ ಏರಿಸುವುದಾದರೆ ಮೇಲಿನ 0.9 ಮೀಟರ್ ಜಾಲರಿಯಂತೆ ತೆರೆದಿರಬೇಕು. ಮೂಲೆ ನಿವೇಶನವಾದರೆ ತಿರುವಿನ ಬಳಿ ಗೋಡೆ ಇನ್ನೂ ತಗ್ಗಬೇಕು, ಕೇವಲ 0.75 ಮೀಟರ್. ಅತ್ತಣಿಂದ ಓಡಿಬರುವ ಮಗು ಇತ್ತಣ ಸವಾರನಿಗೆ ಕಾಣಿಸಬೇಕಲ್ಲವೇ?

ಓದುತ್ತಿದ್ದಂತೆ ತಂದೆಯವರ ನೆನಪಾಯಿತು. ಆಗ ನಾವು ಬೇರೊಂದು ಬೀದಿಯಲ್ಲಿ ಬಾಡಿಗೆಗಿದ್ದೆವು. ಎದೆನೋವೆಂದು ಅವರು ಕುಸಿದ ರಾತ್ರಿ ಆಂಬುಲೆನ್ಸ್ ಬೀದಿಯ ತುದಿಯಲ್ಲೇ ನಿಂತಿತು. ಒಂದೆಡೆ ಮುಂದೊತ್ತಿದ ಗೋಡೆ, ಇನ್ನೊಂದೆಡೆ ಗೇಟಿನ ಮುಂದಿನ ಇಳಿಜಾರು. ಸ್ಟ್ರೆಚರನ್ನು ನಾವೇ ಹೊತ್ತು ನಡೆದೆವು. ತಂದೆಯವರು ಉಳಿದರು. ಆದರೆ ಅಂದು ಕತ್ತಲಲ್ಲಿ ಎಣಿಸಿದ ಆ ಹೆಜ್ಜೆಗಳನ್ನು ನಾನು ಮರೆತಿಲ್ಲ. ಆ ಗೋಡೆಯ ಒಡೆಯರು ಕೆಟ್ಟವರಾಗಿರಲಿಲ್ಲ. ಸ್ಟ್ರೆಚರಿಗೆ ಮೊದಲು ಹೆಗಲು ಕೊಟ್ಟವರೇ ಅವರು. ಅವರೂ ಎಲ್ಲರಂತೆ ಒಂದಡಿ ಮುಂದೆ ಬಂದಿದ್ದರು, ಅಷ್ಟೇ.

ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆಯನ್ನು ನಾವು ಅಧಿಕಾರಸ್ಥರ ಮೇಲೆ ಹೇರುವುದುಂಟು. ನಮ್ಮ ಮನೆಯ ಬೇಲಿ ಬೀದಿಯನ್ನು ಮೇಯುವಾಗ ಮಾತ್ರ ಅದು ನೆನಪಾಗುವುದಿಲ್ಲ.

ಮರುದಿನ ಬೆಳಿಗ್ಗೆ ದಾರವನ್ನು ಬಿಚ್ಚಿಸಿ ಕಲ್ಲಿನ ಒಳಗೆ ಕಟ್ಟಿಸಿದೆ. ಗೇಟೂ ಒಳಕ್ಕೇ ತೆರೆಯುತ್ತದೆ. ಮೇಸ್ತ್ರಿ ಗೊಣಗಿದ; ಬಂಧುಗಳು ನಕ್ಕರು. ಇಂದು ಸಾಲಿನಲ್ಲಿ ನಮ್ಮ ಗೋಡೆಯೊಂದೇ ಹಿಂದೆ ಸರಿದು, ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ಶಾಲೆಯ ವ್ಯಾನ್ ಬಂದಾಗ ಸೊಪ್ಪು ಮಾರುವಾಕೆ ತನ್ನ ಗಾಡಿಯನ್ನು ಆ ಒಂದಡಿಗೆ ಸರಿಸಿಕೊಂಡು ನಿಲ್ಲುತ್ತಾಳೆ. ಅದು ನಾನು ಕೊಟ್ಟ ದಾನವಲ್ಲ. ಮೊದಲಿನಿಂದಲೂ ಅವಳದೇ ನೆಲ.

ಪ್ರಿಯ ಓದುಗರೇ, ನಿಮ್ಮ ಮನೆಯ ಮುಂದೆ ದಾರ ಎಲ್ಲಿ ಕಟ್ಟಿದೆ?