ಪರದೇಶಕ್ಕ ಹೋಗಿ ಇದನ್ನ ಕಲೀಬೇಕೇನ?

ನನ್ನ ತಂಗಿ ಮಗಳು ಎಂ.ಎ. ಓದಲಿಕ್ಕೆ ಇಂಗ್ಲಂಡಿನ ನಾಟಿಂಗ್‌ಹ್ಯಾಮಿಗೆ ಹೋಗ್ಯಾಳ. ವಿಷಯ ಏನು ಅಂತ ಯಾರರ ಕೇಳಿದ್ರ ತಂಗಿ "ಸೋಶಿಯಲ್ ವರ್ಕ್" ಅಂದು ಮಾತು ಹೊಳ್ಳಸ್ತಾಳ. ಖರೇ ಅಂದ್ರ ಆಕಿ ಓದೋದು ಹೆಣ್ಣುಮಕ್ಕಳ ಮ್ಯಾಲಿನ ಹಿಂಸಾ, ಮನಷ್ಯಾರನ್ನ ಸಾಗಿಸಿ ಮಾರೋ ದಂಧೆ.

"ಇದನ್ನ ಕಲೀಲಿಕ್ಕೆ ಲಕ್ಷಗಟ್ಟಲೆ ಸುರುವಿ ಪರದೇಶಕ್ಕ ಹೋಗಬೇಕೇನ? ಇಲ್ಲಿ ಇಲ್ಲೇನು?" ಅಂದ್ರು ನಮ್ಮ ಅತ್ತಿಯವರು. ಅವರ ಮಾತೂ ಸುಳ್ಳಲ್ಲ. ದೇವದಾಸಿ ಬಿಡಬಾರದು ಅಂತ ನಮ್ಮ ರಾಜ್ಯದಾಗ 1982ರಾಗ ಕಾಯ್ದೆ ಮಾಡಬೇಕಾತು.

ಆದ್ರ ಇಂಗ್ಲಂಡಿನಾಗೂ ಅದ ನೋಡ್ರೆವಾ. ಕಾರು ತೊಳಿಯೋ ಜಾಗಾ, ಉಗುರಿಗೆ ಬಣ್ಣಾ ಹಚ್ಚೋ ಅಂಗಡಿ, ಇಂಥಲ್ಲೆಲ್ಲಾ ಸಿಕ್ಕೊಂಡವರು ಇದ್ದಾರ. ಅದಕ್ಕಂತನ 2015ರಾಗ ಕಾಯ್ದೆ ಮಾಡ್ಯಾರ. ಪರದೇಶದಾಗಿಂದ ಮನಿಗೆಲಸಕ್ಕ ಕರಕೊಂಡು ಬಂದವರ ಕತಿ ಕೇಳಿ ನನಗ ಊಟ ಸೇರಲಿಲ್ಲ. ಯಾರ ಜೋಡಿ ಬಂದಾರೋ ಅವರ ಮನಿ ಬಿಟ್ಟು ಬ್ಯಾರೆ ಮನಿ ಹಿಡಿಯೋಹಂಗಿಲ್ಲ ಅಂತ 2012ರಾಗ ವೀಸಾದ ನಿಯಮ ತಂದ್ರಂತ. ಹೊಡದ್ರೂ ಅಲ್ಲೇ, ಪಗಾರ ಕೊಡದಿದ್ರೂ ಅಲ್ಲೇ! 2016ರಾಗ ಮನಿ ಬದಲಸಬಹುದು ಅಂದ್ರು, ಆದ್ರ ವೀಸಾ ಆರ ತಿಂಗಳದ್ದು. ಉಳದ ಎರಡು ತಿಂಗಳಿಗೆ ಯಾರು ಕೆಲಸಾ ಕೊಡ್ತಾರ?

ಇನ್ನೊಂದು ಮಾತು ಹೇಳಿದ್ಲು. "ಆಕಿನ ಒಪ್ಪಿ ಹೋಗ್ಯಾಳಲ್ಲ" ಅಂತೇವಲ್ಲ, 2000ದ ವಿಶ್ವಸಂಸ್ಥೆ ಒಪ್ಪಂದದ ಪ್ರಕಾರ ಮೋಸಾ ಮಾಡಿ, ಅಂಜಿಸಿ ದುಡಿಸಿಕೊಳ್ಳಲಿಕ್ಕೆ ಒಯ್ದಿದ್ರ ಆ ಒಪ್ಪಿಗಿ ಲೆಕ್ಕಕ್ಕ ಇಲ್ಲ. 18ರ ಒಳಗಿನವರಾದ್ರ ಮೋಸಾ ಆಗೇದ ಅಂತ ತೋರಸೋದೂ ಬ್ಯಾಡ.

ಇದನ್ನ ಕೇಳಿ ಹದಿನೈದು ದಿವಸ ಆಗಿರಲಿಲ್ಲ. ನಮ್ಮನಿ ಭಾಂಡೆ ತಿಕ್ಕಾಕಿ, ತನ್ನ ಹದಿನಾರು ವರ್ಷದ ಮಗಳನ್ನ ಪುಣೆಕ್ಕ ಕೆಲಸಕ್ಕ ಕಳಸ್ತೇನಿ ಅಂದ್ಲು. ಗುರ್ತಿನ ಹೆಂಗಸೊಬ್ಬಾಕಿ ಹತ್ತು ಸಾವಿರ ಮುಂಗಡನೂ ಕೊಟ್ಟಿದ್ಲು. ಯಾರ ಮನಿ, ವಿಳಾಸ ಏನು, ಹುಡುಗಿ ಕಡೆ ಫೋನ್ ಇರ್ತದೇನು ಅಂತ ಕೇಳಿದೆ. "ಹೋದಮ್ಯಾಲ ತಿಳಿತೈತ್ರಿ" ಅಂದ್ಲು. ಕಳಸಬ್ಯಾಡ ಅಂದೆ. ಸಿಟ್ಟಿಗೆದ್ಲು.

"ನಿಮ್ಮ ಹುಡುಗಿ ಪರದೇಶಕ್ಕ ಹೋಗಬೌದು, ನಮ್ಮಾಕಿ ಪುಣೆಕ್ಕ ಹೋಗಬಾರದೇನ್ರಿ ಅಕ್ಕಾರ?"

ನನಗ ಉತ್ತರ ಹೊಳೀಲಿಲ್ಲ. ರಾತ್ರಿ ತಂಗಿ ಮಗಳಿಗೆ ಫೋನ್ ಹಚ್ಚಿದೆ. "ಮೌಶಿ, ಆಕಿನ್ನ ಬೈಬ್ಯಾಡ. ನನ್ನ ವಿಳಾಸ ನಿಮ್ಮೆಲ್ಲಾರ ಕಡೆನೂ ಅದ, ಅಷ್ಟ ಫರಕು ಅಂತ ಹೇಳು. ಮಕ್ಕಳ ಸಹಾಯವಾಣಿ 1098 ಬರದು ಕೊಡು" ಅಂದ್ಲು.

ಎರಡು ದಿವಸ ಕೆಲಸದಾಕಿ ಬರಲಿಲ್ಲ. ಮೂರನೇ ದಿವಸ ಬಂದು, ಮುಂಗಡ ತಿರುಗಿ ಕೊಡ್ತೇನ್ರಿ, ಆದ್ರ ಮಾಳಿಗಿ ತಗಡಿಗೆ ಆರು ಸಾವಿರ ಖರ್ಚಾಗೇತಿ ಅಂದ್ಲು. ನಮ್ಮ ಓಣಿಯ ಭಜನಾ ಮಂಡಳದವರು ಕೂಡಿ ಕೊಟ್ಟೇವಿ. ತಿಂಗಳಿಗೆ ಐದನೂರು ಮುರೀತೇವಿ. ಹುಡುಗಿ ಸದ್ಯಕ್ಕ ಪಿಯುಸಿ ಅರ್ಜಿ ತುಂಬ್ಯಾಳ.