ಅರಿಶಿನಕ್ಕೂ ಪರೀಕ್ಷೆ ಬೇಕು

ಕಾಲು ಉಳುಕಿದರೆ ಅರಿಶಿನದ ಪಟ್ಟು, ಮೊಣಕಾಲು ಹಿಡಿದುಕೊಂಡರೆ ಲಕ್ಕಿಸೊಪ್ಪಿನ ಶಾಖ, ಮೈಕೈ ನೋವಿಗೆ ಮೆಣಸು ಹಾಕಿದ ಅರಿಶಿನದ ಹಾಲು. ನಮ್ಮಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. "ಅಜ್ಜಿ ಕಾಲದಿಂದ ಬಂದದ್ದಕ್ಕೆ ಎಂಥ ಪರೀಕ್ಷೆ?" ಅನ್ನುವವರೂ ಉಂಟು. ಬೇಕು ಅನ್ನುತ್ತೇನೆ ನಾನು. ಅಜ್ಜಿಯ ಮಾತನ್ನು ಒರೆಗೆ ಹಚ್ಚಿ ನೋಡುವುದೂ ಅದಕ್ಕೆ ಕೊಡುವ ಮರ್ಯಾದೆಯೇ.

ಹಚ್ಚುವುದು ಹೇಗೆ? ಬಾವಿನ ಪರೀಕ್ಷೆಗೆ ವಿಜ್ಞಾನಿ ವಿಂಟರ್ ಮತ್ತು ಸಂಗಡಿಗರು 1962ರಲ್ಲಿ ಪ್ರಕಟಿಸಿದ ವಿಧಾನ ಇವತ್ತಿಗೂ ಲ್ಯಾಬುಗಳಲ್ಲಿ ಚಾಲ್ತಿಯಲ್ಲಿದೆ. ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಗೀನನ್ ದ್ರಾವಣವನ್ನು 0.1 ಮಿಲಿಲೀಟರಿನಷ್ಟು ಇಲಿಯ ಹಿಂಗಾಲಿನ ಪಾದಕ್ಕೆ ಚುಚ್ಚುತ್ತಾರೆ. ಮೂರು ಗಂಟೆಯ ಹೊತ್ತಿಗೆ ಪಾದ ಚೆನ್ನಾಗಿ ಊದಿಕೊಂಡಿರುತ್ತದೆ. ಅದನ್ನು ದ್ರವ ತುಂಬಿದ ಕೊಳವೆಯಲ್ಲಿ ಅದ್ದಿ, ಮಟ್ಟ ಎಷ್ಟು ಏರಿತೆಂದು ಬರೆದಿಡುತ್ತಾರೆ. ಒಂದು ಗುಂಪಿಗೆ ಗಿಡದ ಸಾರ, ಇನ್ನೊಂದಕ್ಕೆ ಇಂಡೋಮೆಥಸಿನ್‌ನಂಥ ಗೊತ್ತಿರುವ ಔಷಧ, ಮತ್ತೊಂದಕ್ಕೆ ಎರಡೂ ಇಲ್ಲ. ಮೂರನ್ನೂ ಹೋಲಿಸಿದರೆ ಸಾರದ ಸತ್ವ ತಿಳಿಯುತ್ತದೆ. ನೋವಿಗೆ ಬೇರೆ ಪರೀಕ್ಷೆ: 55 ಡಿಗ್ರಿ ಬಿಸಿಯ ತಟ್ಟೆಯ ಮೇಲೆ ಬಿಟ್ಟ ಪ್ರಾಣಿ ಎಷ್ಟು ಸೆಕೆಂಡಿಗೆ ಪಾದ ನೆಕ್ಕಿತು ಅಥವಾ ಹಾರಿತು ಎಂಬ ಲೆಕ್ಕ. ಮೂಕಜೀವಗಳು ನೋವುಂಡು ಕೊಟ್ಟ ಉತ್ತರ ಇದು. ಇದನ್ನು ಇದ್ದದ್ದಕ್ಕಿಂತ ಹಿಗ್ಗಿಸಿ ಹೇಳುವುದು ಆ ಜೀವಗಳಿಗೂ ಮಾಡುವ ಅನ್ಯಾಯ.

ಹಿಗ್ಗಿಸುವುದು ಸುಲಭ. ಅರಿಶಿನದ ಕರ್ಕ್ಯುಮಿನ್ ಇಲಿಯ ಬಾವು ಇಳಿಸುತ್ತದೆ, ನಿಜ. ಆದರೆ ತಿಂದದ್ದು ರಕ್ತಕ್ಕೆ ಸೇರುವುದೇ ಅತ್ಯಲ್ಪ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ಮನುಷ್ಯರಲ್ಲಿ ರಕ್ತಕ್ಕೆ ಸೇರುವ ಪ್ರಮಾಣ ಶೇ. 2000ರಷ್ಟು ಹೆಚ್ಚಿತು! ಹಾಲಿಗೆ ಮೆಣಸು ಹಾಕುವ ರೂಢಿಗೆ ಸಿಕ್ಕ ಈ ಬೆಂಬಲ ಓದಿ ನನಗೆ ಎಷ್ಟು ಹಿಗ್ಗಾಯಿತೋ. ಆದರೂ ಲೆಕ್ಕ ಹಾಕಬೇಕು. ಅರಿಶಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರರ ಆಸುಪಾಸು; 2 ಗ್ರಾಂ ಬೇಕೆಂದರೆ 60 ಗ್ರಾಮಿಗೂ ಹೆಚ್ಚು ಪುಡಿ ಬೇಕು. ನಾವು ಹಾಲಿಗೆ ಹಾಕುವುದು ಒಂದು ಚಿಟಿಕೆ. ಮೇಲಾಗಿ, ರಕ್ತಕ್ಕೆ ಸೇರಿತು ಅಂದಮಾತ್ರಕ್ಕೆ ನೋವು ಹೋಯಿತು ಅಂತಲೂ ಅಲ್ಲ.

ಆಸ್ಪಿರಿನ್ ಕಥೆಯನ್ನೇ ನೋಡಿ. ವಿಲ್ಲೋ ಮರದ ತೊಗಟೆ ಜ್ವರಕ್ಕೆ ಒಳ್ಳೆಯದೆಂದು ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ ರಾಯಲ್ ಸೊಸೈಟಿಗೆ ಬರೆದದ್ದು 1763ರಲ್ಲಿ. ಬಾಯರ್ ಕಂಪನಿಯಲ್ಲಿ ಆಸ್ಪಿರಿನ್ ತಯಾರಾದದ್ದು 1897ರಲ್ಲಿ. ಅದು ದೇಹದೊಳಗಿನ ರಾಸಾಯನಿಕಗಳಾದ ಪ್ರೊಸ್ಟಗ್ಲಾಂಡಿನ್‌ಗಳನ್ನು ತಡೆದು ನೋವು, ಬಾವು ಇಳಿಸುತ್ತದೆ ಎಂದು ವಿಜ್ಞಾನಿ ಜಾನ್ ವೇನ್ ತೋರಿಸಿಕೊಟ್ಟದ್ದು 1971ರಲ್ಲಿ. ಇನ್ನೂರು ವರ್ಷಕ್ಕೂ ಮೀರಿದ ತಾಳ್ಮೆ! ನಮ್ಮ ಗಿಡಗಳಿಗೂ ಅಂಥ ತಾಳ್ಮೆಯ ಪರೀಕ್ಷೆ ಸಿಗಬೇಕು. ಅಲ್ಲಿಯವರೆಗೆ, ಯಾರಾದರೂ "ಸಾಬೀತಾಗಿದೆ" ಎಂದು ಡಬ್ಬಿ ಮುಂದಿಟ್ಟರೆ ನಾವು ಕೇಳಬೇಕಾದದ್ದು ಇಷ್ಟೇ: ಇಲಿಯಲ್ಲೋ ಮನುಷ್ಯರಲ್ಲೋ, ಎಷ್ಟು ಪ್ರಮಾಣದಲ್ಲಿ, ಯಾವುದಕ್ಕೆ ಹೋಲಿಸಿ?