ಪೊದೆಗೆ ಬೆಂಕಿ ಇಡುವ ಮುನ್ನ

ಹೊಸೂರಿನಿಂದ ಬಾಗಲೂರಿಗೆ ಹೋಗುವ ರಸ್ತೆಯಲ್ಲಿ ಮನೆ ಕಟ್ಟಿಸಲು ನಾವು ಒಂದು ನಿವೇಶನ ಕೊಂಡೆವು. ಅದರ ತುಂಬ ಅಮೆರಿಕ ಖಂಡದಿಂದ ಬಂದ ಲಂಟಾನ, ಸೀಮೆಜಾಲಿ. ಕಡಿಸಿ ನಾಲ್ಕು ರಾಶಿ ಹಾಕಿಸಿದೆವು. ಅಂಗಡಿಯ ಕೆಲಸದಲ್ಲಿ ಒಂದು ತಿಂಗಳು ಆ ಕಡೆ ಹೋಗಲಾಗಲಿಲ್ಲ. ಗುದ್ದಲಿ ಪೂಜೆ ಹತ್ತಿರ ಬಂದಾಗ ಮೊದಲ ರಾಶಿಗೆ ಬೆಂಕಿ ಹಚ್ಚಿಸಿದೆವು.

ಬೂದಿ ಕೆದಕಿದಾಗ ಅಂಗೈಯಗಲದ ಆಮೆಯೊಂದು ಸುಟ್ಟು ಬಿದ್ದಿತ್ತು. ನಮ್ಮ ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಮಠನ ಕಥೆ ಮಕ್ಕಳಿಗೆ ಹೇಳಿದ್ದೇ ಬಂತು" ಎಂದರು. ಉರಿಯುವ ಕೊರಡಿನೊಳಗೆ ಹಾವಿನ ಜೋಡಿ ಇದೆಯೆಂದು ಪಾರ್ಶ್ವಕುಮಾರನು ತಾಪಸನನ್ನು ಎಚ್ಚರಿಸಿದ ಆ ಕಥೆ ನಮಗೆಲ್ಲ ಬಾಯಿಪಾಠ. ರಾಶಿಯ ಮುಂದೆ ನಿಂತಾಗ ಮಾತ್ರ ನೆನಪಾಗಲಿಲ್ಲ.

ಮನೆ ಕಟ್ಟುವುದರಲ್ಲಿ ಗೃಹಸ್ಥರಿಗೆ ಆರಂಭೀ ಹಿಂಸೆ ತಪ್ಪದು, ನಿಜ. ಆದರೆ ಆ ಆಮೆಯ ಸಾವು ತಪ್ಪಿಸಬಹುದಾಗಿತ್ತು. ಅದು ನಮ್ಮ ಪ್ರಮಾದ. ಕಡಿದ ಪೊದೆ ದಿನಗಟ್ಟಲೆ ಬಿದ್ದಿದ್ದರೆ ನೆರಳು ಹುಡುಕುವ ಓತಿ, ಹಾವು, ಇಲಿಗಳಿಗೆ ಅದೇ ಮನೆಯಾಗುತ್ತದೆ.

ಉಳಿದ ಮೂರು ರಾಶಿಗಳನ್ನು ಸುಡಲಿಲ್ಲ. ಕೆಲಸದವರು ಉದ್ದನೆಯ ಕೋಲಿನಿಂದ ಮೇಲಿನಿಂದ ಒಂದೊಂದೇ ಕೊಂಬೆ ಬಿಡಿಸಿದರು. ಎರಡು ಹಾವುರಾಣಿ, ಒಂದು ಕೇರೆಹಾವು ಹೊರಬಂದು ಬೇಲಿ ದಾಟಿದವು. ಜಾಲಿಯ ದಪ್ಪ ಕಟ್ಟಿಗೆಯನ್ನು ಅವರೇ ಒಲೆಗೆ ಒಯ್ದರು. ಒಣಗಿದ ಸಣ್ಣ ಕೊಂಬೆಗಳನ್ನು ನಿವೇಶನದ ಅಂಚಿನಲ್ಲಿ ಗೊಬ್ಬರವಾಗಲು ಬಿಟ್ಟೆವು. ಎರಡು ದಿನದ ಕೂಲಿ ಹೆಚ್ಚಾಯಿತು, ಅಷ್ಟೇ.

ಆ ವರ್ಷದ ಕ್ಷಮಾವಾಣಿಯ ದಿನ ಆ ಮೂಕಜೀವಿಯ ಕ್ಷಮೆಯನ್ನೂ ಕೇಳಿದೆವು. ನಿವೇಶನ ಕೊಂಡಿರುವ ಬಂಧುಗಳಲ್ಲಿ ನಮ್ಮದೊಂದು ವಿನಂತಿ: ಕಡಿಸಿದ ದಿನವೇ ರಾಶಿಯನ್ನು ಸಾಗಿಸಿರಿ, ತಡವಾದರೆ ಬಿಡಿಸಿ ನೋಡಿರಿ.